ಬಿಳಿ ಪುಡಿಯೊಳಗಿನ ಅಯಸ್ಕಾಂತ

ಆ ಗೆರೆ ನೆಟ್ಟಗೆ ಬರಬೇಕಿತ್ತು. ಬಂದದ್ದು ಹುಣಸೆಕಾಯಿಯ ಹಾಗೆ ಬಾಗಿ, ಹೊಟ್ಟೆ ಬಿಟ್ಟುಕೊಂಡು. ಬೆಂಗಳೂರಿನಿಂದ ಕೋಲಾರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಹಾಳೆಯನ್ನು ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಮೇಲೆ ಬರೆದಿದ್ದ ಮಾದರಿಯ ಹೆಸರನ್ನು ಮತ್ತೆ ಮತ್ತೆ ಓದಿದೆ. ಹೆಸರು ಸರಿಯಾಗಿಯೇ ಇತ್ತು. ಅದು ಕೋಬಾಲ್ಟ್ ಬೆರೆಸದ ಬರೀ ಜಿಂಕ್ ಆಕ್ಸೈಡ್, ಗಾಯಕ್ಕೆ ಹಚ್ಚುವ ಮುಲಾಮಿನಲ್ಲಿರುತ್ತದಲ್ಲ, ಅದೇ ಬಿಳಿ ಪುಡಿ. ಅದು ಅಯಸ್ಕಾಂತವಾಯಿತು ಎನ್ನುವುದೂ ಉಪ್ಪು ಸಿಹಿಯಾಯಿತು ಎನ್ನುವುದೂ ಒಂದೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, "ಯಾಕಮ್ಮಾ, ಊರಿಂದ ಏನಾದ್ರೂ ಸುದ್ದಿ ಬಂತಾ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಸಾವಿನ ಸುದ್ದಿಯೇ ಬಂದಿತ್ತು, ಸತ್ತದ್ದು ಯಾರು ಎಂಬುದಷ್ಟೇ ಇನ್ನೂ ಗೊತ್ತಾಗಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ ಅದು. ನಾನು ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕಿ. ಪಿಎಚ್.ಡಿ. ಮುಗಿಸಲೆಂದು ರಜೆ ಪಡೆದು, ಕೋಲಾರದ ಇನ್ನೊಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಆಗ ನಮ್ಮ ವಿಷಯದವರ ಬಾಯಲ್ಲೆಲ್ಲ ಒಂದೇ ಜಪ. ಜಿಂಕ್ ಆಕ್ಸೈಡಿನಂಥ ಸಾಧು ಆಕ್ಸೈಡಿಗೆ ಚಿಟಿಕೆ ಕೋಬಾಲ್ಟನ್ನೋ ಮ್ಯಾಂಗನೀಸನ್ನೋ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳಾಗಿ ಮಾಡಿ, ಅದು ತಣಿಸುವ ಗೊಡವೆಯಿಲ್ಲದೆ ಕೋಣೆಯ ಉಷ್ಣತೆಯಲ್ಲೇ ಅಯಸ್ಕಾಂತವಾಗುವಂತೆ ಮಾಡುವುದು. ವಿದ್ಯುತ್ತನ್ನೂ ಕಾಂತತೆಯನ್ನೂ ಒಂದೇ ವಸ್ತು ನಿಭಾಯಿಸಿದರೆ ಮುಂದಿನ ಕಾಲದ ಕಂಪ್ಯೂಟರುಗಳ ಹಣೆಬರಹವೇ ಬದಲಾಗುತ್ತದೆ ಎಂಬ ಆಸೆ.

ನಮ್ಮ ಪುಡಿ ಆ ಪವಾಡ ಮಾಡಿತ್ತು. ಅಯಸ್ಕಾಂತದ ಗುಣ ಅಳೆಯುವ ಯಂತ್ರ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿತ್ತು. ಪುಡಿಯ ಸುತ್ತ ಕಾಂತಕ್ಷೇತ್ರವನ್ನು ಏರಿಸಿ ಇಳಿಸಿದಾಗ ಸಾಧಾರಣ ವಸ್ತುವಾದರೆ ಗೆರೆ ಹೋದ ದಾರಿಯಲ್ಲೇ ನೆಟ್ಟಗೆ ಹಿಂದಿರುಗುತ್ತದೆ. ತನ್ನದೇ ಕಾಂತತೆ ಇದ್ದರೆ ಬೇರೆ ದಾರಿಯಲ್ಲಿ ಹಿಂದಿರುಗಿ, ನಡುವೆ ಒಂದು ಹೊಟ್ಟೆ ಬಿಡುತ್ತದೆ. ಆ ಹೊಟ್ಟೆಯೇ ನಮ್ಮ ಸಂಪತ್ತು. ಕೋಬಾಲ್ಟ್ ಹೆಚ್ಚಿಸಿದಷ್ಟೂ ಅದು ದೊಡ್ಡದಾಗುತ್ತ ಹೋಗಿತ್ತು. ಲೇಖನ ಬರೆದು ಒಳ್ಳೆಯ ಪತ್ರಿಕೆಯೊಂದಕ್ಕೆ ಕಳಿಸಿದ್ದೆವು. ಪರಿಶೀಲಕರು ಮೆಚ್ಚಿ, ಕೊನೆಯಲ್ಲಿ ಒಂದೇ ಒಂದು ಸಣ್ಣ ಮಾತು ಸೇರಿಸಿದ್ದರು. ಕೋಬಾಲ್ಟ್ ಇಲ್ಲದ ಮಾದರಿಯ ಗೆರೆಯನ್ನೂ ಪಕ್ಕದಲ್ಲಿ ತೋರಿಸಿರಿ, ಲೇಖನ ಅಚ್ಚಿಗೆ ಹೋಗುತ್ತದೆ. ಆ ಗೆರೆಯೇ ಈಗ ನನ್ನ ಮಡಿಲಲ್ಲಿದ್ದದ್ದು. ಅದರ ಹೊಟ್ಟೆ ಎಲ್ಲಕ್ಕಿಂತ ದೊಡ್ಡದಿತ್ತು.

ನನ್ನ ಗೈಡ್ ಮೇಷ್ಟ್ರ ಬಗ್ಗೆ ಇಲ್ಲಿ ಹೇಳಿಬಿಡಬೇಕು. ಮುಳಬಾಗಿಲಿನ ಹಳೆಯ ಅರ್ಚಕ ಮನೆತನದವರು. ತೆಳ್ಳಗಿನ, ಮೆಲುದನಿಯ ಮನುಷ್ಯ, ಕಟ್ಟಿಕೊಂಡದ್ದು ಲ್ಯಾಬನ್ನು ಮಾತ್ರ. ಮೂಲೆ ಕಾಲೇಜಿನ ಆ ಒಂದು ಕೋಣೆಯನ್ನು ಅವರು ಇಟ್ಟುಕೊಂಡ ಚೊಕ್ಕಟ ನೋಡಿದರೆ ಬೆಂಗಳೂರಿನವರು ನಾಚಬೇಕಿತ್ತು. ಚಪ್ಪಲಿ ಹೊರಗೆ. ಒಂದೊಂದು ಪ್ರಮಾಣದ ಕೋಬಾಲ್ಟಿಗೂ ಒಂದೊಂದು ಬೋಗುಣಿ ಮೀಸಲು, ಒಂದರ ಎಂಜಲು ಇನ್ನೊಂದಕ್ಕೆ ತಾಗಕೂಡದು. ಬೋಗುಣಿಗಳನ್ನೂ ಪುಡಿ ಅರೆಯುವ ಅಗೇಟ್ ಕಲ್ಲಿನ ಕಲ್ವವನ್ನೂ ಅವರು ಯಾರ ಕೈಗೂ ತೊಳೆಯಲು ಕೊಡುತ್ತಿರಲಿಲ್ಲ. ನಾನು ಸಂಜೆಯ ಬಸ್ಸಿಗೆ ಹೊರಟ ಮೇಲೆ ಅವರೇ ತೊಳೆದಿಡುತ್ತಿದ್ದರು. ಬೆಳಿಗ್ಗೆ ಬಂದರೆ ಎಲ್ಲ ಫಳಫಳ.

"ನಾನ್ ತೊಳೀತೀನಿ ಬಿಡಿ ಸರ್" ಎಂದರೆ, "ಬೇಡ ಬಿಡಮ್ಮಾ, ನಂಗೆ ಅಭ್ಯಾಸ" ಎನ್ನುವರು. ಕಾಫಿ ಕುಡಿದ ಲೋಟವನ್ನೂ ತಾವೇ ತೊಳೆದು ಮಗುಚಿಡುವರು. ನಾನು ಯಲ್ದೂರಿನ ಒಕ್ಕಲು ಮನೆಯ ಹೆಣ್ಣು, ಮಾವಿನ ತೋಟದಲ್ಲಿ ಬೆಳೆದವಳು. ನಾನು ತೊಳೆದರೆ ಏನಾಗ್ತದೆ ಸರ್ ಎಂಬ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ಒಳಗೆ ಹೋಗಿತ್ತು. ಪಾಠ ಹೇಳುವುದರಲ್ಲಿ, ಹೆಸರು ಹಾಕುವುದರಲ್ಲಿ, ಜಗಳದಲ್ಲಿ ನನ್ನ ಪರ ನಿಲ್ಲುವುದರಲ್ಲಿ ಅವರು ಯಾವ ಭೇದವನ್ನೂ ಮಾಡಿದವರಲ್ಲ. ಆದರೂ ಆ ಒಂದು ಮುಳ್ಳು ಒಳಗೆ ಉಳಿದಿತ್ತು.

ಆ ಹಾಳೆಯನ್ನು ಅವರ ಮುಂದಿಟ್ಟಾಗ ಅವರೂ ನನ್ನ ಹಾಗೆ ಕಂಗಾಲಾಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ನೋಡಿದರು, ಎದ್ದು ನಿಂತರು, ಮತ್ತೆ ಕೂತರು.

"ಅಬ್ಬಬ್ಬಾ! ಕೋಬಾಲ್ಟೇ ಬೇಡ ಅಂತಾಯ್ತಲ್ಲಮ್ಮಾ!"

"ಸರ್?"

"ಆಕ್ಸಿಜನ್ ಜಾಗ ಖಾಲಿ ಬಿದ್ದಿದ್ರೆ ಸಾಕು, ಬರೀ ಆಕ್ಸೈಡೇ ಮ್ಯಾಗ್ನೆಟ್ ಆಗತ್ತೆ ಅಂತ ಈಚೆಗೆ ಹೇಳ್ತಾ ಇದಾರೆ. ನಮ್ಮದು ಅದೇ ಇರ್ಬೇಕು. ಇದು ಮೊದಲಿಂದಕ್ಕಿಂತ ದೊಡ್ಡದು ಕಣಮ್ಮಾ!"

ಅವರು ಹೇಳಿದ್ದು ಸುಳ್ಳಲ್ಲ. ಅಂಥ ಲೇಖನಗಳು ಆಗ ನಿಜಕ್ಕೂ ಬರುತ್ತಿದ್ದವು. ಅರ್ಧ ಗಂಟೆಯ ಹಿಂದೆ ಹೆಣವಾಗಿದ್ದದ್ದು ಈಗ ಮೆರವಣಿಗೆ ಹೊರಡಲು ಎದ್ದು ಕೂತಿತ್ತು. ಆ ವರ್ಷದ ಕೊನೆಗೆ ಅವರ ನಿವೃತ್ತಿ. ಅದಾದ ಮೇಲೆ ಅವರು ಯಾರಿಗೂ ಗೈಡಾಗಿ ಉಳಿಯುವಂತಿರಲಿಲ್ಲ, ನನ್ನ ರಜೆಯೂ ಆ ಹೊತ್ತಿಗೇ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ಅಷ್ಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪ್ರಬಂಧದ ಬೆನ್ನೆಲುಬು ಆ ಹೊಟ್ಟೆ ಬಿಟ್ಟ ಗೆರೆ. ಹಾಗಿರುವಾಗ ಸುಮ್ಮನೆ ಹೂಂ ಎನ್ನುವುದೇ ಜಾಣತನ.

ಸುಮ್ಮನಿರಲು ನನ್ನ ಕೈಲಾಗಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ತೋಟ ನೋಡಿಕೊಳ್ಳುವವರು, ನನ್ನ ಸಂಶೋಧನೆಯನ್ನು ಬೂದಿ ಕೆಲಸ ಎಂದೇ ಕರೆಯುತ್ತಿದ್ದರು.

"ಬೂದಿಗೆ ಅಯಸ್ಕಾಂತ ಹಿಡ್ಸಿದ್ದೀನಿ ಅಂತ ಕುಣೀತಿದ್ದೆ. ಈಗ ಬರೀ ಬೂದೀನೂ ಹಿಡೀತದೆ ಅಂದ್ರೆ ಇನ್ನೂ ಖುಷಿ ಪಡೋದ್ ಬಿಟ್ಟು ಯಾಕೇ ಮುಖ ಊದಿಸ್ಕೊಂಡಿದ್ದೀಯ?"

"ಬೇವಿನ ಮರದಾಗೆ ಬಾದಾಮಿ ಮಾವು ಬಿಟ್ರೆ ನೀವು ಖುಷಿ ಪಡ್ತೀರಾ, ಯಾರೋ ತಂದು ಕಟ್ಟವ್ರೆ ಅಂತ ನೋಡ್ತೀರಾ?" ಎಂದೆ.

"ಮೊದ್ಲು ತೊಟ್ಟು ನೋಡ್ತೀನಿ" ಎಂದರು. ಮಾರನೆಯ ದಿನದಿಂದ ನಾನೂ ತೊಟ್ಟು ನೋಡಲು ಕೂತೆ.

ನಮ್ಮ ವಿಧಾನ ಸರಳ. ಸತುವಿನ ನೈಟ್ರೇಟನ್ನೂ ಬೇಕಾದಷ್ಟು ಕೋಬಾಲ್ಟ್ ನೈಟ್ರೇಟನ್ನೂ ಉರಿಯುವ ಇಂಧನವಾಗಿ ಗ್ಲೈಸೀನನ್ನೂ ನೀರಿನಲ್ಲಿ ಕರಗಿಸಿ, ಸಿಲಿಕಾ ಬೋಗುಣಿಯಲ್ಲಿ ಕುದಿಸಿ ಪಾಕ ಮಾಡಿ, ಮೊದಲೇ ಕಾದಿರುವ ಕುಲುಮೆಗೆ ಇಡುವುದು. ಪಾಕ ನೊರೆಯುಬ್ಬಿ, ಭಗ್ಗನೆ ಹೊತ್ತಿ, ಹೊಗೆ ಕಾರಿ, ಒಂದೆರಡು ಉಸಿರಿನಲ್ಲಿ ಹಗುರಾದ ಬೂದಿಯಾಗಿ ಕೂತುಬಿಡುತ್ತದೆ. ಕೋಬಾಲ್ಟ್ ಇದ್ದರೆ ಗಿಳಿಹಸಿರು. ಇಲ್ಲದಿದ್ದರೆ ಬಿಸಿಯಲ್ಲಿ ಹಳದಿ, ಆರಿದಂತೆ ಬಿಳಿ. ಅದನ್ನು ಕಲ್ವದಲ್ಲಿ ಅರೆದು, ಇನ್ನೊಮ್ಮೆ ಕಾಯಿಸಿದರೆ ಮಾದರಿ ಸಿದ್ಧ. ಎಕ್ಸ್‌ರೇ ಹಾಯಿಸಿ ಸ್ಫಟಿಕದ ರಚನೆ ನೋಡಿದ್ದೆವು. ಜಿಂಕ್ ಆಕ್ಸೈಡಿನ ಶಿಖರಗಳ ಹೊರತು ಬೇರೇನೂ ಕಾಣಿಸಿರಲಿಲ್ಲ. ಆದರೆ ಎಕ್ಸ್‌ರೇಯ ಕಣ್ಣು ಅಷ್ಟು ಚುರುಕಲ್ಲ. ಒಂದು ಮೂಟೆ ಅಕ್ಕಿಯಲ್ಲಿ ಒಂದು ಹಿಡಿ ನುಚ್ಚಿದ್ದರೆ ಅದು ಕಾಣದು. ಅಯಸ್ಕಾಂತದ ಯಂತ್ರವಾದರೋ ನಾಲ್ಕು ಕಾಳು ನುಚ್ಚಿದ್ದರೂ ಕೂಗಿ ಹೇಳುತ್ತದೆ. ಕಬ್ಬಿಣ ಎಲ್ಲಿಂದಲಾದರೂ ನುಸುಳಿರಬೇಕು ಎಂಬುದು ನನ್ನ ಅನುಮಾನ.

ಮೊದಲು ನೈಟ್ರೇಟುಗಳನ್ನೇ ಯಂತ್ರಕ್ಕೆ ಕೊಟ್ಟೆ. ಗೆರೆ ನೆಟ್ಟಗೆ ಬಂತು. ಗ್ಲೈಸೀನ್ ನೆಟ್ಟಗೆ. ನೀರನ್ನು ಆವಿ ಮಾಡಿ ತಳದಲ್ಲಿ ಉಳಿದ ಗಸಿಯನ್ನು ಕೊಟ್ಟೆ, ಅದೂ ನೆಟ್ಟಗೆ. ಉಕ್ಕಿನ ಚಮಚ, ಚಿಮಟಗಳನ್ನು ಬಿಟ್ಟು ಪ್ಲಾಸ್ಟಿಕ್ಕಿನವು ತಂದೆ. ಹೊಟ್ಟೆ ಇಳಿಯಲಿಲ್ಲ. ನಮ್ಮ ಕಡೆಯ ಕೆಂಪು ಧೂಳಿನ ಮೇಲೆ ಬಹಳ ಗುಮಾನಿಯಿತ್ತು. ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿ, ಸೆಕೆಯಲ್ಲಿ ಬೆಂದುಕೊಂಡು ಇನ್ನೊಂದು ಸುತ್ತು ಮಾಡಿದೆ. ಹೊಟ್ಟೆ ಹಾಗೇ ಇತ್ತು. ಬೆಂಗಳೂರಿನ ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್ ನಂಗಲಿಯವನು, ಅರ್ಧ ತೆಲುಗು ಅರ್ಧ ಕನ್ನಡ. ನನ್ನನ್ನು ಕಂಡರೆ ಅವನಿಗೆ ಕನಿಕರ, ಜೊತೆಗೆ ತಮಾಷೆ.

"ಏಮಂಡಿ ಮೇಡಂ, ಬೇರೆಯೋರೆಲ್ಲಾ ಸಿಗ್ನಲ್ ಬರಲಿಲ್ಲ ಅಂತ ಅಳ್ತಾರೆ. ನೀವೊಬ್ರೇ ಬಂತಲ್ಲಾ ಅಂತ ಅಳೋದು!"

ನಾನೂ ನಕ್ಕೆ. ಆದರೆ ಹಿಂದಿರುಗುವ ಬಸ್ಸಿನಲ್ಲಿ ಅಳುವೇ ಬಂತು. ಅತ್ತ ಮೇಷ್ಟ್ರು ಎರಡನೆಯ ಲೇಖನ ಬರೆಯಲು ಶುರು ಮಾಡಿದ್ದರು. "ಪರೀಕ್ಷೆ ಮಾಡು, ಬೇಡ ಅನ್ನಲ್ಲ. ಎಲ್ಲಾ ಕ್ಲೀನ್ ಅಂತ ಬಂದಷ್ಟೂ ನಮ್ಮ ಲೇಖನಕ್ಕೆ ಬಲ" ಎನ್ನುತ್ತಿದ್ದರು. ಅದೂ ನಿಜವೇ. ಒಂದೊಂದು ಕಳ್ಳನನ್ನೂ ನಿರಪರಾಧಿ ಎಂದು ಬಿಟ್ಟುಬಂದ ಹಾಗೆಲ್ಲ ನಾನು ಅವರ ವಾದವನ್ನೇ ಗಟ್ಟಿ ಮಾಡುತ್ತಿದ್ದೆ.

ಇಷ್ಟೂ ದಿನ ನಾನು ಬೋಗುಣಿಯನ್ನು ಮಾತ್ರ ಬಿಟ್ಟಿದ್ದೆ. ಅದು ಸಿಲಿಕಾ. ಬೆಂಕಿಗೆ ಬೆದರದ, ಆಮ್ಲಕ್ಕೆ ಬಗ್ಗದ ವಸ್ತು. ಅದರ ಮೇಲೆ ಅನುಮಾನ ಪಡುವುದು ಮನೆಯ ಹಿರಿಯರ ಮೇಲೆ ಅನುಮಾನ ಪಟ್ಟ ಹಾಗೆ. ಆದರೂ ಒಂದು ದಿನ, ಬೇರೇನೂ ತೋಚದೆ, ಬೀರುವಿನಲ್ಲಿ ಕಾಗದ ಸುತ್ತಿ ಇಟ್ಟಿದ್ದ ಹೊಚ್ಚ ಹೊಸ ಬೋಗುಣಿಯೊಂದನ್ನು ತೆಗೆದೆ. ಒಂದೇ ದ್ರಾವಣವನ್ನು ಎರಡು ಪಾಲು ಮಾಡಿ ಅರ್ಧವನ್ನು ಹೊಸದರಲ್ಲೂ ಅರ್ಧವನ್ನು ಹಳೆಯದರಲ್ಲೂ ಹಾಕಿ ಒಂದೇ ಕುಲುಮೆಯಲ್ಲಿ ಒಂದರ ಹಿಂದೆ ಒಂದು ಸುಟ್ಟೆ. ಅರೆಯಲೂ ಇಲ್ಲ. ಎರಡೂ ಅಚ್ಚ ಬಿಳಿ, ಯಾವುದು ಯಾವುದೆಂದು ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ.

ಟೆಕ್ನಿಷಿಯನ್ ಮೊದಲನೆಯ ಹಾಳೆ ಕೊಟ್ಟ. ನೆಟ್ಟಗಿನ ಗೆರೆ. ಎರಡನೆಯದು ಕೊಟ್ಟ. ಹುಣಸೆಕಾಯಿ. ನಾನು ಗರಬಡಿದವಳ ಹಾಗೆ ನಿಂತುಬಿಟ್ಟೆ. ಆಕ್ಸಿಜನ್ನಿನ ಖಾಲಿ ಜಾಗವೂ ಇಲ್ಲ, ಕೋಬಾಲ್ಟೂ ಇಲ್ಲ, ಹೊಸ ವಿಜ್ಞಾನವೂ ಇಲ್ಲ. ಅಯಸ್ಕಾಂತ ಇದ್ದದ್ದು ಬೋಗುಣಿಯಲ್ಲಿ.

"ಮೇಡಂ, ಕೂತ್ಕೊಳಿ. ಕುಡಿಯೋಕೆ ನೀಳ್ಳು ತರ್ಲಾ?" ಎಂದ ಅವನು.

ಹೊಸದರಲ್ಲಿ ಇಲ್ಲ, ಹಳೆಯದರಲ್ಲಿದೆ. ಹೊಸದು ಹಳೆಯದಾಗುವ ನಡುವೆ ಅದಕ್ಕೆ ಆಗುವುದಾದರೂ ಏನು? ಸುಡುವುದು, ತೊಳೆಯುವುದು. ಸುಡುವುದು ನನ್ನ ಕಣ್ಣೆದುರೇ ನಡೆಯುತ್ತಿತ್ತು. ತೊಳೆಯುವುದನ್ನು ಮಾತ್ರ ನಾನು ಒಂದು ದಿನವೂ ನೋಡಿರಲಿಲ್ಲ. ಬಸ್ಸಿನಲ್ಲಿ ಹೊಸಕೋಟೆ ದಾಟುವಾಗ ಈ ಯೋಚನೆ ಬಂದು ಬೆಚ್ಚಿಬಿದ್ದೆ. ಬಂದ ಯೋಚನೆಗೆ ನಾನೇ ಛೇ ಎಂದೆ. ಅಷ್ಟು ಚೊಕ್ಕಟದ ಮನುಷ್ಯ!

ಮಾರನೆಯ ಸಂಜೆ ಬಸ್ಸಿಗೆ ಹೊರಟವಳ ಹಾಗೆ ಬ್ಯಾಗು ಹಾಕಿಕೊಂಡು ಬೇಕೆಂದೇ ಲ್ಯಾಬಿನ ಹಿಂದಿನ ನಲ್ಲಿಯ ಕಡೆ ಹೋದೆ. ಮೇಷ್ಟ್ರು ಪ್ಯಾಂಟು ಮಡಚಿ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ನೆನೆಸಿದ ಹುಣಸೆಹಣ್ಣು, ತೆಂಗಿನ ನಾರು, ಅಗಲ ಬಾಯಿಯ ಬಾಟಲಿಯಲ್ಲಿ ನುಣುಪಾದ ಕೆಂಪು ಪುಡಿ. ನಾರಿಗೆ ಆ ಪುಡಿ ಹಚ್ಚಿ, ಕಣ್ಣು ಅರೆಮುಚ್ಚಿ, ಬೋಗುಣಿಯ ಒಳಗೋಡೆಯನ್ನು ಉಜ್ಜುತ್ತಿದ್ದರು.

"ಇದೇನ್ ಸರ್ ಪುಡಿ?"

"ಹೋಗ್ಲಿಲ್ವೇನಮ್ಮಾ? ಇದಾ, ಹೆಂಚಿನ ಪುಡಿ. ಮಾಲೂರು ಹೆಂಚು. ಒಡೆದಿದ್ದನ್ನ ಕುಟ್ಟಿ, ಪಂಚೆಯಲ್ಲಿ ಸೋಸಿ ಇಟ್ಕೋತೀನಿ. ನಮ್ಮಮ್ಮ ದೇವರ ಪಾತ್ರೆ ಎಲ್ಲಾ ಇದರಲ್ಲೇ ಬೆಳಗ್ತಾ ಇದ್ರು. ಕೋಬಾಲ್ಟಿನ ಹಸಿರು ಕಲೆ ಇದೆ ನೋಡು, ಅದು ಯಾವ ಸೋಪಿಗೂ ಬಗ್ಗಲ್ಲ, ಇದಕ್ಕೆ ಹೋಗತ್ತೆ. ಆಮೇಲೆ ಆಸಿಡ್ಡಲ್ಲಿ ಜಾಲಿಸಿ, ಡಿಸ್ಟಿಲ್ಡ್ ವಾಟರಲ್ಲಿ ತೊಳೀತೀನಿ. ಇಷ್ಟು ಮಡಿ ಯಾವ ಲ್ಯಾಬಲ್ಲಿದೆ ಹೇಳು?"

ಹೆಂಚಿನ ಕೆಂಪು ಕಬ್ಬಿಣದ ಕೆಂಪು, ಇದು ಹೈಸ್ಕೂಲು ಮಕ್ಕಳಿಗೂ ಗೊತ್ತು. "ಒಂದು ಚಿಟಿಕೆ ಕೊಡಿ ಸರ್, ಮನೆಯಲ್ಲಿ ಹಿತ್ತಾಳೆ ಚೊಂಬಿದೆ" ಎಂದೆ. ಸಂತೋಷದಿಂದ ಕಾಗದದಲ್ಲಿ ಕಟ್ಟಿಕೊಟ್ಟರು.

ಮನೆಗೆ ಹೋದವಳೇ ಕೆಟ್ಟುಹೋದ ರೇಡಿಯೊದ ಸ್ಪೀಕರಿನ ಅಯಸ್ಕಾಂತ ಕಿತ್ತು, ಕಾಗದ ಸುತ್ತಿ, ಆ ಪುಡಿಯೊಳಗೆ ಅದ್ದಿ ಎತ್ತಿದೆ. ಅದಕ್ಕೆ ಕೆಂಗಪ್ಪಿನ ಮೀಸೆ ಬಂದಿತ್ತು. ಗಂಡ ಕೂಡ ತಮಾಷೆ ಮರೆತು ಬಗ್ಗಿ ನೋಡಿದರು. ಒಂದೊಂದೇ ಹೊಂದಿಕೊಳ್ಳುತ್ತ ಬಂತು. ಬೋಗುಣಿಯ ಗೀರುಗಳಲ್ಲಿ, ಕಲ್ವದ ಸೂಕ್ಷ್ಮ ರಂಧ್ರಗಳಲ್ಲಿ ಆ ಪುಡಿ ಕೂತುಬಿಡುತ್ತದೆ. ಸುಟ್ಟ ಮಣ್ಣಿನೊಳಗಿನ ಕಬ್ಬಿಣವನ್ನು ತಣ್ಣನೆಯ ಆಮ್ಲ ಮುಟ್ಟದು. ಮುಂದಿನ ಸಲ ಗ್ಲೈಸೀನ್ ಭಗ್ಗನೆ ಉರಿದಾಗ ಆ ಬೆಂಕಿ ಅದನ್ನು ಇನ್ನೂ ಗಟ್ಟಿ ಅಯಸ್ಕಾಂತ ಮಾಡುತ್ತದೆ. ಕೋಬಾಲ್ಟ್ ಹೆಚ್ಚಿದಷ್ಟೂ ಹಸಿರು ಕಲೆ ಹೆಚ್ಚು, ಕಲೆ ಹೆಚ್ಚಿದಷ್ಟೂ ಉಜ್ಜುವುದು ಹೆಚ್ಚು. ಅದಕ್ಕೇ ಕೋಬಾಲ್ಟಿನ ಜೊತೆ ಹೊಟ್ಟೆ ಬೆಳೆಯುತ್ತ ಹೋಗಿದ್ದು! ಬರೀ ಜಿಂಕ್ ಆಕ್ಸೈಡಿಗೆ ಮೀಸಲು ಬೋಗುಣಿ ಇರಲಿಲ್ಲವಾದ್ದರಿಂದ, ಹಿಂದೆ ಕೋಬಾಲ್ಟ್ ಸುಟ್ಟಿದ್ದ ಹಳೆಯದೊಂದನ್ನೇ, ಒಳಗೆ ಹಸಿರಿನ ಸುಳಿವೂ ಇರಬಾರದೆಂದು ಮೇಷ್ಟ್ರು ವಿಶೇಷವಾಗಿ ತೊಳೆದುಕೊಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೇಳುವುದೋ ಬಿಡುವುದೋ? ಹೇಳಿದರೆ ಲೇಖನ ಹೋಯಿತು, ಪ್ರಬಂಧ ಹೋಯಿತು, ಅವರ ಕೊನೆಯ ವರ್ಷದ ಸಂಭ್ರಮ ಹೋಯಿತು. ಜಗತ್ತಿನಲ್ಲಿ ಯಾರಿಗೂ ಈ ಪುಡಿಯ ವಿಷಯ ಗೊತ್ತಾಗುವ ಹಾಗಿರಲಿಲ್ಲ. ಬೇರೆಯವರಿಗೆ ನಮ್ಮ ಫಲಿತಾಂಶ ಸಿಗದಿದ್ದರೆ ಅವರು ವಿಧಾನವನ್ನೋ ಕುಲುಮೆಯನ್ನೋ ಬೈದುಕೊಂಡು ಸುಮ್ಮನಾಗುತ್ತಿದ್ದರು. ಹಲವು ದಿನ ಹಾಗೆ ಒದ್ದಾಡಿದೆ. ಕೊನೆಗೆ ಆ ಚಿಟಿಕೆಯನ್ನೇ ಬೆಂಗಳೂರಿಗೆ ಕಳಿಸಿದೆ. ಟೆಕ್ನಿಷಿಯನ್ ಫೋನಿನಲ್ಲಿ ಕಿರುಚಿದ.

"ಮೇಡಂ, ಏಂದಿದು? ಅಯಸ್ಕಾಂತನಾ ಒನಕೇಲಿ ಕುಟ್ಟಿ ಕಳ್ಸಿದೀರಾ? ನಮ್ ಮೆಷಿನ್ ಸ್ಕೇಲೇ ಬದಲಾಯಿಸ್ಬೇಕಾಯ್ತು!"

ಅವನ ನಗುವಿನಲ್ಲೇ ನಿರ್ಧಾರ ಆಗಿಹೋಯಿತು. ಇಷ್ಟು ಜೋರಾಗಿ ಕೂಗುವುದನ್ನು ಕೇಳಿಸಲಿಲ್ಲ ಎನ್ನಲು ನನಗೆ ಬರುವುದಿಲ್ಲ.

ಎಲ್ಲ ಹಾಳೆಗಳನ್ನೂ ಮೇಷ್ಟ್ರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹೊಸ ಬೋಗುಣಿಯದು, ಹಳೆಯದು, ಕೊನೆಗೆ ಹೆಂಚಿನ ಪುಡಿಯದು. ಅವರು ಒಂದೊಂದನ್ನೂ ಎತ್ತಿ ನೋಡಿದರು. ಕೊನೆಯ ಹಾಳೆಯನ್ನು ಕೆಳಗಿಟ್ಟು, "ದೇವರ ಪಾತ್ರೆ ಬೆಳಗೋ ಪುಡಿ ಕಣಮ್ಮಾ ಅದು" ಎಂದರು. ಅಷ್ಟೇ. ಎದ್ದು, ಚಪ್ಪಲಿ ಮೆಟ್ಟಿ ಹೊರಟುಹೋದರು. ಅವರ ಕಾಫಿ ಲೋಟ ತೊಳೆಯದೆ ಮೇಜಿನ ಮೇಲೇ ಉಳಿದಿತ್ತು. ಅದನ್ನು ಕಂಡು ನನಗೆ ಭಯವೇ ಆಯಿತು.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮನೆಗೆ ಫೋನು ಮಾಡಿದರೆ, ಎತ್ತಿದ ಮನೆ ಮಾಲೀಕರು ಮುಳಬಾಗಿಲಿಗೆ ಹೋಗಿದ್ದಾರೆ ಎಂದರು. ನನ್ನಿಂದ ಏನಾದರೂ ಆಗಬಾರದ್ದು ಆಯಿತೇ ಎಂದು ಹೆದರಿದೆ. ವಾರದ ಕೊನೆಗೆ ಬಂದರು, ಗಡ್ಡ ಬಿಟ್ಟುಕೊಂಡು. ಕೂರುವ ಮೊದಲೇ ಹೇಳಿದರು:

"ಪೇಪರ್ ವಾಪಸ್ ತಗೊಂಡೆ ಕಣಮ್ಮಾ. ಎಡಿಟರಿಗೆ ನಿನ್ನೆ ಬರೆದುಬಿಟ್ಟೆ. ಇನ್ನೊಂದು ಲೇಖನಾನೂ ಹರಿದು ಹಾಕ್ದೆ."

ಸಿಡಿಲು ಬಡಿದ ಹಾಗಾಯಿತು. ಸತ್ಯ ಹೇಳಿದವಳು ನಾನೇ. ಆದರೂ ಅದು ಹೀಗೆ, ನನ್ನ ಬೆನ್ನ ಹಿಂದೆ, ಒಂದೇ ಏಟಿಗೆ ಮುಗಿದುಹೋಗುತ್ತದೆ ಎಂದುಕೊಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು.

"ಅದ್ರಲ್ಲಿ ನನ್ನ ಹೆಸರೂ ಇತ್ತಲ್ಲ ಸರ್! ನನ್ನ ಥೀಸಿಸ್ಸು ಅದು. ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬೇಕಿತ್ತು" ಎಂದರು. "ಕೇಳಿದ್ರೆ ನೀನು ಬೇಡ ಅಂದುಬಿಟ್ರೆ ಏನ್ ಮಾಡ್ಲಿ ಅಂತ ಹೆದರಿದೆ. ನೀನು ಬೇಡ ಅಂದಿದ್ರೆ ನಾನು ಒಪ್ಕೊಂಡುಬಿಡ್ತಿದ್ದೆ ಕಣಮ್ಮಾ. ಅಷ್ಟು ಆಸೆ ಇತ್ತು ನಂಗೆ."

ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದ ಹಾಗಾಯಿತು. ಬೇಡ ಅನ್ನುತ್ತಿದ್ದೆನೇ? ಆ ಹೊತ್ತಿನಲ್ಲಿ ಅನ್ನುತ್ತಿದ್ದೆ ಎಂದೇ ಇವತ್ತಿಗೂ ನನಗನ್ನಿಸುತ್ತದೆ.

ಉಳಿದಿದ್ದ ತಿಂಗಳುಗಳಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಪ್ರತಿ ಸುಡುವಿಕೆಗೂ ಹೊಸ ಬೋಗುಣಿ, ಒಂದು ಸಲ ಬಳಸಿದ್ದು ಮತ್ತೆ ಇಲ್ಲ. ಕಲ್ವ ಬಿಟ್ಟು, ಪುಡಿಯನ್ನು ಪ್ಲಾಸ್ಟಿಕ್ ಚೀಲದೊಳಗೇ ಬೆರಳಿನಿಂದ ಒತ್ತಿ ನುಣುಪು ಮಾಡಿದೆ. ಉಗುರಿನ ಬುಡ ಊದಿಕೊಂಡಿತು. ಬಂದ ಗೆರೆಗಳೆಲ್ಲ ನೆಟ್ಟಗೆ, ಹೋದ ದಾರಿಯಲ್ಲೇ ಹಿಂದಿರುಗಿದವು, ಕೋಬಾಲ್ಟಿಗೆ ತಕ್ಕ ಹಾಗೆ ಓರೆ ಮಾತ್ರ ಹೆಚ್ಚುತ್ತಿತ್ತು. ನಮ್ಮ ವಿಧಾನದಲ್ಲಿ, ನಮ್ಮ ಪ್ರಮಾಣದಲ್ಲಿ ಕೋಬಾಲ್ಟ್ ಬೆರೆತ ಜಿಂಕ್ ಆಕ್ಸೈಡ್ ಕೋಣೆಯ ಉಷ್ಣತೆಯಲ್ಲಿ ಅಯಸ್ಕಾಂತವಲ್ಲ. ರಚನೆಯ ಅಧ್ಯಾಯ ಮಾತ್ರ ಉಳಿಯಿತು. ಎಕ್ಸ್‌ರೇಯ ಶಿಖರಗಳು ಕೂದಲೆಳೆಯಷ್ಟು ಸರಿದದ್ದು, ಗಿಳಿಹಸಿರಿನ ಬೆಳಕನ್ನು ಬಿಡಿಸಿ ನೋಡಿದಾಗ ಸಿಕ್ಕ ಗುರುತು, ಇವೆರಡೂ ಕೋಬಾಲ್ಟ್ ನಿಜಕ್ಕೂ ಸತುವಿನ ಜಾಗದಲ್ಲಿ ಹೋಗಿ ಕೂತಿದೆ ಎಂದು ಹೇಳುತ್ತಿದ್ದವು. ಒಳಗೆ ಕೂತಿದೆ, ಆದರೆ ಅಕ್ಕಪಕ್ಕದವರ ಜೊತೆ ಮಾತಾಡುತ್ತಿಲ್ಲ. ಪ್ರಬಂಧದ ಕೊನೆಗೆ ಕಬ್ಬಿಣದ ಕಲಬೆರಕೆಯ ಬಗ್ಗೆ ಒಂದು ಅಧ್ಯಾಯ ಸೇರಿಸಿದೆ. ಅದರಲ್ಲಿ, "ಪಾತ್ರೆಗಳನ್ನು ಹೆಂಚಿನ ಪುಡಿಯಿಂದ ಉಜ್ಜಲಾಗಿತ್ತು" ಎಂದು ಬರೆದೆ. ಉಜ್ಜಿದವರು ಯಾರೆಂದು ಬರೆಯಲಿಲ್ಲ. ಮೇಷ್ಟ್ರು ಓದಿ, ಆ ವಾಕ್ಯದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಏನೂ ಮಾಡದೆ ಮುಂದೆ ಹೋದರು. ಅವರ ನಿವೃತ್ತಿಗೆ ಸ್ವಲ್ಪ ಮುಂಚೆ ಪ್ರಬಂಧ ಸಲ್ಲಿಸಿದೆ.

ಮೌಖಿಕ ಪರೀಕ್ಷೆಯ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಆದರೂ ಪ್ರಬಂಧ ಅವರದೇ ಕೈಕೆಳಗಿನದಾದ್ದರಿಂದ ಪರೀಕ್ಷಕರ ಪಕ್ಕದಲ್ಲಿ ಕೂತಿದ್ದರು. ಹೊರರಾಜ್ಯದಿಂದ ಬಂದಿದ್ದ ಪರೀಕ್ಷಕರು ಖಾರದ ಮನುಷ್ಯ. ಸಭೆಯಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿ ನನ್ನ ಗಂಡ. ಎಲ್ಲ ಚೆನ್ನಾಗಿಯೇ ಸಾಗುತ್ತಿತ್ತು. ಕೊನೆಯ ಅಧ್ಯಾಯಕ್ಕೆ ಬಂದಾಗ ಪರೀಕ್ಷಕರು ನಕ್ಕು, ಸಿಲಿಕಾ ಬೋಗುಣಿಯನ್ನು ಹೆಂಚಿನ ಪುಡಿಯಲ್ಲಿ ತೊಳೆದ ಆ ಅಜ್ಞಾನಿ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸಭೆಯೂ ನಕ್ಕಿತು.

ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಲ್ಯಾಬಿನ ರೂಢಿ ಹಾಗಿತ್ತು ಎನ್ನುವುದು. ಬಾಯಿ ತೆರೆಯುವಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಮೇಷ್ಟ್ರು ಎದ್ದು ನಿಂತಿದ್ದರು.

"ಅದು ನಾನೇ" ಎಂದರು, ಕನ್ನಡದಲ್ಲಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ನಗು ಕತ್ತರಿಸಿದ ಹಾಗೆ ನಿಂತಿತು. ಪರೀಕ್ಷಕರು ಪೆಚ್ಚಾಗಿ, ಕ್ಷಮಿಸಿ, ನಿಮ್ಮ ಲ್ಯಾಬಿನಲ್ಲಿ ತೊಳೆಯಲು ಬೇರೆ ಯಾರೂ ಇರಲಿಲ್ಲವೇ ಎಂದರು.

"ಇದ್ರು" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. ಇಂಗ್ಲಿಷು ಮರೆತೇಹೋಗಿತ್ತು. "ಬೇರೆಯವರು ತೊಳೆದದ್ದು ನಂಗೆ ಶುದ್ಧ ಅನ್ನಿಸ್ತಿರಲಿಲ್ಲ. ಬೇರೆಯವರು ಅಂದ್ರೆ ಯಾರು ಅಂತ ಈಯಮ್ಮನಿಗೆ ಗೊತ್ತು. ಕೇಳ್ಬೇಕು ಅಂತಿದ್ಲು, ಕೇಳ್ಲಿಲ್ಲ. ಅಷ್ಟೇ ಅದರ ಕಥೆ."

ನನ್ನ ನಾಲಿಗೆಯ ತುದಿಯಿಂದ ಹಿಂದೆ ಹೋದ ಮಾತು ಅಷ್ಟೂ ವರ್ಷ ಅವರಿಗೆ ಕೇಳಿಸಿತ್ತು! ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ್ದ ನನ್ನ ನೆಟ್ಟಗಿನ ಗೆರೆಗಳೆಲ್ಲ ಮಸುಕಾದವು. ಮುಂದೆ ಯಾವ ಪ್ರಶ್ನೆ ಕೇಳಿದರು, ನಾನು ಏನು ಹೇಳಿದೆ ಎಂಬುದು ನೆನಪಿಲ್ಲ. ಪದವಿಗೆ ಶಿಫಾರಸು ಮಾಡಿದ್ದೇವೆ ಎಂದಾಗ ಜನ ಚಪ್ಪಾಳೆ ತಟ್ಟಿದರು ಎಂದು ಗಂಡ ಆಮೇಲೆ ಹೇಳಿದರು.

ಎಲ್ಲರೂ ಊಟಕ್ಕೆ ಹೊರಟ ಮೇಲೆ ಮೇಷ್ಟ್ರು ನನ್ನನ್ನು ಲ್ಯಾಬಿನ ಹಿಂದಕ್ಕೆ ಕರೆದರು. ಕೈಯಲ್ಲಿ ಚೀಲವಿತ್ತು. ಅದರೊಳಗಿಂದ ಕಾಗದ ಸುತ್ತಿದ ಬೋಗುಣಿಯೊಂದನ್ನು ತೆಗೆದರು. ಬರೀ ಜಿಂಕ್ ಆಕ್ಸೈಡ್ ಸುಟ್ಟ ಹಳೆಯದು, ಬುಡದ ಹೊರಮೈಯಲ್ಲಿ ಗಿಳಿಹಸಿರಿನ ಸಣ್ಣ ಕಲೆ ಇನ್ನೂ ಇತ್ತು. ನನ್ನ ಕೈಗೆ ಕೊಟ್ಟರು.

"ನೀನು ತೊಳಿಯಮ್ಮಾ ಇದನ್ನ. ನಂಗೆ ತೊಳಿಯೋಕೆ ಬರಲ್ಲ."

ಈ ಮಾತನ್ನು ಬೇರೆ ಯಾವ ಗಂಡಸು ನನ್ನ ಮುಂದೆ ಆಡಿದ್ದರೂ ಆ ಬೋಗುಣಿ ಅವನ ತಲೆಯ ಮೇಲೆ ಒಡೆಯುತ್ತಿತ್ತು. ನಾನು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಕಲ್ಲಿನ ಮುಂದೆ ಕೂತೆ. ಮೇಷ್ಟ್ರು ಬಗ್ಗಿ ನಲ್ಲಿ ತಿರುಗಿಸಿದರು.